ಅತ್ತೆ ಬ್ರೇಕ್ ಒತ್ತಿದ ಶನಿವಾರ

ತೆಕ್ಕಟ್ಟೆ,
ನವೆಂಬರ್ ೧೬, ಭಾನುವಾರ ಬೆಳಿಗ್ಗೆ

ಅಕ್ಷಯಾಳ ಅಪ್ಪನಿಗೆ,

ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಠಾಣೆ ನಗರದ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಊದಿದೆ ಎಂದು ಹೋದ ವಾರ ಹೇಳಿದ್ದಿರಿ. ಬಸ್ಸಿನ ಕಂಪನಿಯವರಲ್ಲಿ ಎರಡು ದಿನ ರಜೆ ಕೇಳಿ. ಬಿಪಿ ಮಾತ್ರೆಯನ್ನು ಮುಗಿಯುವ ಮೊದಲೇ ತನ್ನಿ. ಮುಗಿದು ನಾಲ್ಕು ದಿನವಾದ ಮೇಲೆ ತರುವ ನಿಮ್ಮ ಕ್ರಮ ನನಗೆ ಗೊತ್ತಿದೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅಕ್ಷಯಾಳ ಶೀತ ಪೂರ್ತಿ ಹೋಗಿದೆ. ಮಗ್ಗಿ ಹದಿನಾರರವರೆಗೆ ಬರುತ್ತದೆ, ಹದಿಮೂರರಲ್ಲಿ ಮಾತ್ರ ಈಗಲೂ ಎಡವುತ್ತಾಳೆ. ಅತ್ತೆಯ ಶುಗರನ್ನು ಶುಕ್ರವಾರ ನಾನೇ ನೋಡಿದೆ, ನೂರ ಇಪ್ಪತ್ತೆರಡು ಇತ್ತು. ದಿನಕ್ಕೆ ಇಪ್ಪತ್ತು ಜನರ ರಕ್ತ ತೆಗೆಯುತ್ತೇನೆ, ನಿಮ್ಮ ಅಮ್ಮನ ಕೈಗೆ ಸೂಜಿ ಹಾಕುವಷ್ಟು ಕಷ್ಟ ಬೇರೆಲ್ಲೂ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳದೆ ಬರೆಯುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನಾನು ಎರಡನೇ ಮಾತಿಗೆ ಬರುವಷ್ಟರಲ್ಲಿ ನೀವು ಹಾರ್ನ್ ಹಾಕುತ್ತೀರಿ. ಬುಧವಾರವೂ ಹಾಗೇ ಆಯಿತು. “ಬ್ರೇಕ್ ಅಂದ್ರೆ ಆಟ ಅಂದೇಳಿ ಮಾಡಿದ್ಯಾ? ನೀ ಮುಟ್ಟುಕ್ ಹೋಗ್ಬೇಡ. ನಾವುಂದದ ಚೆನ್ನಯ್ಯನಿಗೆ ಹೇಳಿದ್ದೆ, ಆಯ್ತಾರ ಬಂದ್ ಗಾಡಿ ಕಂಡ್ಕಂಡ್ ಹೋತ್ತ” ಎಂದು ಹೇಳಿ ಇಟ್ಟುಬಿಟ್ಟಿರಿ. ಅಷ್ಟು ಬೇಗ, ಈ ಭಾನುವಾರಕ್ಕೇ, ಕಾರು ಮಾರುವ ಮಾತು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಗಾಡಿ ಹೋದರೆ ನನ್ನ ಕೆಲಸವೂ ಹೋಗುತ್ತದೆ. ಬೆಳಿಗ್ಗೆ ಆರು ಗಂಟೆಗೆ ಕೋಟದ ಒಳಭಾಗದ ಮನೆಗಳಲ್ಲಿ ಚಹಾ ಕೂಡ ಕುಡಿಯದೆ ನನಗಾಗಿ ಕಾಯುವವರಿದ್ದಾರೆ. ಆ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಅವರೆಲ್ಲರ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು, ಒಂಬತ್ತರ ಒಳಗೆ ಬ್ರಹ್ಮಾವರದ ಲ್ಯಾಬಿಗೆ ಮುಟ್ಟಿಸಬೇಕು. ಈ ವಾರ ರಿಕ್ಷಾದಲ್ಲಿ ಓಡಾಡಿದೆ, ಎರಡು ದಿನ ತಡವಾಯಿತು. ಲ್ಯಾಬಿನ ಮೋಕ್ಷಿತಾ ಮೇಡಂ ಒಳ್ಳೆಯವರು, ಆದರೂ ಈ ತಿಂಗಳ ಕೊನೆಯೊಳಗೆ ಗಾಡಿ ಆಗದಿದ್ದರೆ ಈ ದಾರಿಯನ್ನು ಗಾಡಿ ಇರುವವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ.

ಅತ್ತೆ ನಿಮಗೆ ಫೋನ್ ಮಾಡಿ ಹೇಳಿದ್ದು ಸುಳ್ಳಲ್ಲ, ಸ್ವಲ್ಪ ಉದ್ದ ಮಾಡಿ ಹೇಳಿದ್ದಾರೆ ಅಷ್ಟೆ. ಸೋಮವಾರ ಸಂಜೆ ನಾವಿಬ್ಬರೂ ಕುಂದಾಪುರದಿಂದ ಬರುತ್ತಿದ್ದೆವು. ನಮ್ಮ ಪೇಟೆಯಲ್ಲೇ ಮೀನಿನ ಟೆಂಪೊ ಒಂದು ಎದುರಿಗೆ ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಪೆಡಲು ಹಿಟ್ಟಿನ ಮುದ್ದೆಗೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಬಿಟ್ಟು ಇನ್ನೆರಡು ಸಲ ಒತ್ತಿದಾಗ ಹಿಡಿಯಿತು. ಟೆಂಪೊಗೂ ನಮಗೂ ನಡುವೆ ಒಂದು ಮಾರು ಜಾಗ ಇತ್ತು, ಅತ್ತೆ ಹೇಳಿದ ಹಾಗೆ ಒಂದು ಗೇಣಲ್ಲ. ಆದರೆ ಅವರು ಹೆದರಿದ್ದು ನಿಜ. “ನಿಲ್ಸ್ ಹೆಣೆ, ನಾ ಇಳಿತೆ. ದೇವ್ರ್ ಕೊಟ್ಟ ಕಾಲಿತ್ತ್ ನಂಗೆ” ಎಂದು ಅಲ್ಲೇ ಇಳಿದು ಗದ್ದೆಯ ಒಳದಾರಿ ಹಿಡಿದು ನಡೆದರು. ನಾನು ಫಸ್ಟ್ ಗೇರಿನಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು ಮನೆ ಮುಟ್ಟಿದಾಗ ಅವರು ಕಾಲು ತೊಳೆದು ಜಗಲಿಯಲ್ಲಿ ಕುಳಿತು ನಿಮ್ಮ ನಂಬರು ಒತ್ತುತ್ತಿದ್ದರು.

ತಲ್ಲೂರಿನ ಮೆಕ್ಯಾನಿಕ್ ಶೇಖರ ಮಂಗಳವಾರ ಬಸ್ಸಿನಲ್ಲಿ ಬಂದ. ಅವನ ಬಲಗೈ ಪ್ಲಾಸ್ಟರಿನಲ್ಲಿದೆ, ಇನ್ನೂ ಮೂರು ವಾರ ಸ್ಪ್ಯಾನರ್ ಹಿಡಿಯುವ ಹಾಗಿಲ್ಲ. ನಾಲ್ಕು ಚಕ್ರಗಳ ಹಿಂದೆಯೂ ಟಾರ್ಚ್ ಬಿಟ್ಟು ನೋಡಿದ. ಎಲ್ಲೂ ಸೋರಿಲ್ಲ, ಪ್ಯಾಡುಗಳು ಸವೆದಿಲ್ಲ. ಬಾನೆಟ್ ಎತ್ತಿಸಿ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆಸಿದವನೇ, “ಅಕ್ಕಾ, ಇದ್ ಆಯಿಲಾ, ಜೀರ್ಗಿ ಕಷಾಯವಾ?” ಎಂದ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದಂತೆ, ನಮ್ಮ ಸಮುದ್ರದ ಬದಿಯಲ್ಲಿ ಕೇಳಬೇಕೆ. ನೀರು ಸೇರಿದ ಆಯಿಲು ಬ್ರೇಕಿನ ಬಿಸಿಗೆ ಕುದಿದು ಆವಿಯಾಗುತ್ತದೆ. ಆಯಿಲನ್ನು ಒತ್ತಿದರೆ ಅದು ಚಕ್ರವನ್ನು ಹಿಡಿಯುತ್ತದೆ, ಆವಿಯನ್ನೋ ಗಾಳಿಯನ್ನೋ ಒತ್ತಿದರೆ ಅದೇ ಕುಗ್ಗಿಬಿಡುತ್ತದೆ. ಇದನ್ನು ನನಗೆ ಎರಡು ಸಲ ಹೇಳಬೇಕಾಗಲಿಲ್ಲ. ಸಿರಿಂಜಿನಲ್ಲಿ ಗುಳ್ಳೆ ಕಂಡರೆ ಏನು ಮಾಡಬೇಕೆಂದು ಕಲಿತೇ ನಾನು ಈ ಕೆಲಸಕ್ಕೆ ಸೇರಿದವಳು. ಹಳೆಯದನ್ನು ಪೂರ್ತಿ ಹೊರಗೆ ಹಾಕಿ, ಹೊಸದನ್ನು ತುಂಬಿಸಿ, ನಾಲ್ಕು ಚಕ್ರಗಳಿಂದಲೂ ಗಾಳಿ ತೆಗೆದರೆ ಆಯಿತು ಎಂದ. ಗಾಡಿಯನ್ನು ಬೇರೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗಿಲ್ಲ, ಮನೆಗೆ ಬಂದು ಮಾಡಲು ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಶೇಖರನೇ, “ನೀವೇ ಮಾಡಿ ಅಕ್ಕಾ, ನಿಮ್ಗ್ ಆತ್ತ್. ಶನಿವಾರ ಸಂಜಿಗೆ ನಾ ಬಂದ್ ಕಾಣ್ತೆ. ನಾ ಕಾಣ್ದೆ ಗಾಡಿ ರಸ್ತಿಗೆ ಇಳ್ಸುಕಾಗ” ಎಂದು ತನ್ನ ಜಾಕಿ, ಸ್ಟ್ಯಾಂಡುಗಳನ್ನು ರಿಕ್ಷಾದಲ್ಲಿ ಕಳಿಸಿಕೊಟ್ಟ.

ಇಲ್ಲಿ ಒಂದು ವಿಷಯ ಹೇಳಬೇಕು, ದೂರುವುದಕ್ಕಲ್ಲ. ನೀವು ಎರಡು ವರ್ಷದ ಹಿಂದೆ ಅರ್ಧ ಉಳಿಸಿ ಬಚ್ಚಲುಮನೆಯ ಅಟ್ಟದಲ್ಲಿಟ್ಟ ಬ್ರೇಕ್ ಆಯಿಲಿನ ಬಾಟಲಿ ಸಿಕ್ಕಿತು. ಚೌತಿಗೆ ಬಂದಾಗ ಡಬ್ಬಿಯಲ್ಲಿ ಕಡಿಮೆ ಇದೆಯೆಂದು ಅದರಿಂದಲೇ ಸುರಿದು ಹೋಗಿದ್ದಿರಿ. ಆ ಅಟ್ಟಕ್ಕೆ ದಿನವೂ ಹಂಡೆಯ ಹಬೆ ಬಡಿಯುತ್ತದೆ. ಒಮ್ಮೆ ಸೀಲ್ ಒಡೆದದ್ದನ್ನು ಇಟ್ಟು ಬಳಸಬಾರದೆಂದು ಬಾಟಲಿಯ ಮೇಲೆಯೇ ಬರೆದಿದೆ. ಯಾರು ಸುರಿದದ್ದು ಎಂದು ಶೇಖರ ಕೇಳಿದ. ನಾನು ಗಂಡನನ್ನು ಬಿಟ್ಟುಕೊಡಲಿಲ್ಲ, ಗೊತ್ತಿಲ್ಲ ಎಂದೆ. ಬಾಟಲಿಯಲ್ಲಿ ಉಳಿದದ್ದನ್ನು ಈಗ ಹಾಕಿ ಮುಗಿಸು ಎಂದು ಅತ್ತೆ ಹಟ ಹಿಡಿದರು, “ಒಡಿಯುಕೆ ಅದೆಂತ ಹಾಲಾ?” ಎಂದರು. ನಾನು ಕೇಳಲಿಲ್ಲ. ಕುಂದಾಪುರದಿಂದ ಸೀಲ್ ಇರುವ ಹೊಸ ಬಾಟಲಿ ತಂದೆ. ಯಾವ ನಂಬರಿನದು ಬೇಕೆಂದು ಡಬ್ಬಿಯ ಮುಚ್ಚಳದಲ್ಲೇ ಅಚ್ಚಾಗಿದೆ. ಪಾರದರ್ಶಕ ಟ್ಯೂಬು, ಕೈಗವಸು ಲ್ಯಾಬಿನಲ್ಲಿ ಸಿಕ್ಕಿದವು.

ಆದರೆ ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದಿರುವ ಚಿಕ್ಕ ನಿಪ್ಪಲಿಗೆ ಟ್ಯೂಬು ಸಿಕ್ಕಿಸಿ, ಅದನ್ನು ಸಡಿಲಿಸಿ ಆಯಿಲು ಹೊರಗೆ ಬಿಡಬೇಕು. ನಿನ್ನೆ ಅಕ್ಷಯಾ ಶಾಲೆಗೆ ಹೋಗಿದ್ದಳು, ಇದ್ದಿದ್ದರೂ ಅವಳ ಕಾಲು ಎಟಕುವುದಿಲ್ಲ. ಉಳಿದವರು ಅತ್ತೆ ಒಬ್ಬರೇ. ಸೋಮವಾರದಿಂದ ಅವರು ಗಾಡಿಯ ಬದಿಗೂ ಬಂದಿರಲಿಲ್ಲ. ಕೇಳಿದೆ. “ಆತ್ತ್. ಸಮಾ ಇದ್ರೆ ಚೆನ್ನಯ್ಯ ಬಾಯ್ ಮುಚ್ಕಂಡ್ ತಕಂಡ್ ಹೋತ್ತ” ಎಂದು ಸೆರಗು ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕುಳಿತರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ. ಕುಳಿತವರೇ ಮೊದಲು ಕನ್ನಡಿಯಲ್ಲಿ ಕುಂಕುಮ ನೋಡಿಕೊಂಡರು.

ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಸುರು ಮಾಡಿದೆ. ನಾನು ಒತ್ತಿ ಎಂದಾಗ ಅವರು ಒತ್ತಿ ಹಿಡಿಯಬೇಕು, ನಾನು ನಿಪ್ಪಲು ತೆರೆದು ಮತ್ತೆ ಮುಚ್ಚುವವರೆಗೆ ಕಾಲು ಎತ್ತಬಾರದು. ಎತ್ತಿದರೆ ಗಾಳಿ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಇಷ್ಟೇ. ಅರ್ಧ ಗಂಟೆಯಾಯಿತು, ಟ್ಯೂಬಿನಲ್ಲಿ ಗುಳ್ಳೆ ನಿಲ್ಲಲೇ ಇಲ್ಲ. ಎದ್ದು ಒಳಗೆ ಬಗ್ಗಿ ನೋಡಿದರೆ ವಿಷಯ ತಿಳಿಯಿತು. ಮೂವತ್ತೈದು ವರ್ಷ ಇಡೀ ತೆಕ್ಕಟ್ಟೆಯ ರವಿಕೆಗಳನ್ನು ಹೊಲಿದ ಕಾಲು ಅದು. ಮಿಷನ್ನಿನ ಪೆಡಲು ತುಳಿದ ಹಾಗೆ ಕೆಳಗೆ ಹೋದದ್ದೇ ತಾನಾಗಿ ಮೇಲೆ ಬರುತ್ತಿತ್ತು. ನಾನು ಹೇಳಿದೆ, ಪುನಃ ಹೇಳಿದೆ. ಆರನೆಯ ಸಲ ಗುಳ್ಳೆ ಕಂಡಾಗ ನನ್ನ ಸ್ವರ ಏರಿತು. “ಅತ್ತೆ, ಕಾಲ್ ತೆಗಿಬೇಡಿ ಅಂದ್ರೆ ತೆಗಿಬೇಡಿ!” ಎಂದು ಕೂಗಿಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರ ಮೇಲೆ ನಾನು ಸ್ವರ ಎತ್ತಿದ್ದು ಅದೇ ಮೊದಲು. “ನಾ ಎಂತ ಮಾಡುದ್? ಅದೇ ಮೇಲ್ ಬತ್ತ್” ಎಂದವರು ಇಳಿದು ಒಳಗೆ ಹೋದರು. ನಾನು ಚಕ್ರದ ಬದಿಯಲ್ಲೇ ಕುಳಿತೆ. ಎಲ್ಲ ಮುಗಿಯಿತು ಎಂದೇ ಅನಿಸಿತು.

ಹತ್ತು ನಿಮಿಷ ಬಿಟ್ಟು ಬಂದರು. ಕೈಯಲ್ಲಿ ನನಗೊಂದು ಲೋಟ ಚಹಾ. ಕೂಗಿದ್ದರ ಮಾತೇ ತೆಗೆಯಲಿಲ್ಲ. “ಹೆಣೆ, ಬಟ್ಟಿ ಮೂಲಿ ತಿರ್ಗ್ಸುವಾಗ ಸೂಜಿ ಒಳ್ಗೇ ಇಟ್ಕಂಡ್ ಕಾಲ್ ಗಟ್ಟಿ ಹಿಡಿತೆ. ಹಾಂಗ್ ಹಿಡಿದ್ರೆ ಆತ್ತಾ?” ಎಂದು ಕೇಳಿದರು. ಹಾಗೇ ಹಿಡಿಯಬೇಕಾದದ್ದು. ಅದನ್ನು ಹೊಲಿಗೆಯ ಮಾತಿನಲ್ಲಿ ಹೇಳಬೇಕೆಂದು ನನಗೇ ಹೊಳೆಯಲಿಲ್ಲ. ಆಮೇಲೆ ನಾನು ಒತ್ತಿ ಎನ್ನುವುದು, ಅವರು ಒತ್ತಿ ಹಿಡಿದು “ಸೂಜಿ ಒಳ್ಗಿತ್ತ್!” ಎಂದು ಕೂಗುವುದು, ನಾನು ನಿಪ್ಪಲು ತೆರೆದು ಮುಚ್ಚಿ “ತಿರ್ಗ್ಸಿ ಆಯ್ತ್” ಎನ್ನುವುದು, ಆಗ ಅವರು ಕಾಲೆತ್ತುವುದು. ಬೇಲಿಯಾಚೆ ಹೋಗುತ್ತಿದ್ದವರು ಎರಡು ಸಲ ನಿಂತು ನೋಡಿದರು. ಎಡಗಡೆ ಮುಗಿಸಿ ಬಲಗಡೆ, ಆಮೇಲೆ ಮುಂದಿನ ಎಡ, ಕೊನೆಗೆ ಮುಂದಿನ ಬಲ. ಐದು ಸಲಕ್ಕೊಮ್ಮೆ ಎದ್ದು ಡಬ್ಬಿಗೆ ಹೊಸ ಆಯಿಲು ಸುರಿಯುತ್ತಿದ್ದೆ, ಅದು ಬರಿದಾದರೆ ಮೇಲಿನಿಂದ ಗಾಳಿ ಸೇರುತ್ತದೆ. ಒಮ್ಮೆ ಕೈ ತಪ್ಪಿ ಮಡ್‌ಗಾರ್ಡಿಗೆ ಚೆಲ್ಲಿತು. ಅದು ಬಣ್ಣ ತಿನ್ನುತ್ತದೆ, ಕೂಡಲೇ ನೀರು ಹೊಯ್ದು ತೊಳೆದೆ. ಕಷಾಯದ ಬಣ್ಣ ಹೋಗಿ ಜೇನಿನ ಬಣ್ಣ ಬಂತು, ಗುಳ್ಳೆ ನಿಂತಿತು. ಹಳೆಯ ಆಯಿಲನ್ನು ತೆಂಗಿನ ಬುಡಕ್ಕೆ ಹಾಕಲಿಲ್ಲ, ಬಾಟಲಿಯಲ್ಲಿ ತುಂಬಿಸಿ ಶೇಖರನಿಗೆ ಕೊಟ್ಟೆ.

ಸಂಜೆ ಅವನು ಬಂದು, ಎಂಜಿನ್ ಚಾಲೂ ಮಾಡಿಸಿ ಪೆಡಲಿನ ಮೇಲೆ ಒಂದು ನಿಮಿಷ ಕಾಲಿಟ್ಟು ಕುಳಿತ. ಪೆಡಲು ಕೆಳಗೆ ಇಳಿಯಲಿಲ್ಲ. ಎಡಗೈಯಿಂದ ನಾಲ್ಕು ನಿಪ್ಪಲುಗಳನ್ನೂ ಮುಟ್ಟಿ ನೋಡಿದ, ಎಲ್ಲೂ ಹಸಿಯಿಲ್ಲ. ಪಕ್ಕದ ಖಾಲಿ ಗದ್ದೆಬಯಲಿಗೆ ಹೋಗಿ ನಿಧಾನಕ್ಕೆ, ಆಮೇಲೆ ಜೋರಾಗಿ, ಹತ್ತು ಸಲ ನಿಲ್ಲಿಸಿ ನೋಡೋಣ ಎಂದ. ನಾನು ಗಾಡಿ ಹೊರಡಿಸುವಾಗ ಹಿಂದಿನ ಬಾಗಿಲು ಹಾಕಿಕೊಂಡ ಶಬ್ದವಾಯಿತು. ತಿರುಗಿ ನೋಡಿದರೆ ಅತ್ತೆ. “ನಾ ಒತ್ತಿದ್ದ್ ಹಿಡಿತ್ತಾ ಇಲ್ಯಾ ನಂಗೆ ಕಾಣ್ಕ್” ಎಂದರು. ಹತ್ತು ಸಲವೂ ಹಿಡಿಯಿತು. ಶೇಖರ ಇನ್ನು ರಸ್ತೆಗೆ ಇಳಿಸಬಹುದು ಎಂದ. ಮೂರನೇ ಸಲದ ನಂತರ ಅತ್ತೆ ಮುಂದಿನ ಸೀಟು ಹಿಡಿಯುವುದನ್ನೂ ಬಿಟ್ಟಿದ್ದರು.

ಈಗ ನನ್ನ ಕೋರಿಕೆ. ಗಾಡಿ ನಿಮ್ಮ ಹೆಸರಿನಲ್ಲಿದೆ, ಚೆನ್ನಯ್ಯನಿಗೆ ಮಾತು ಕೊಟ್ಟವರು ನೀವು. ಅವನು ಇವತ್ತು ಹತ್ತು ಗಂಟೆಗೆ ಬರುತ್ತೇನೆಂದು ಹೇಳಿದ್ದಾನೆ. ನಿಮ್ಮ ಮಾತನ್ನು ನಾನು ಅವನ ಎದುರು ಮುರಿಯಲಾರೆ. ಯೋಚಿಸಿ ತಿಳಿಸುತ್ತೇವೆ ಎಂದಷ್ಟೇ ಹೇಳಿ ಕಳಿಸುತ್ತೇನೆ. ನೀವು ಇದನ್ನು ಓದಿ, ಮಾರುವುದಿಲ್ಲ ಎಂದು ಅವನಿಗೆ ಹೇಳಿದರೆ ನನಗೆ ಸಂತೋಷ. ಈ ಬಗ್ಗೆ ಅತ್ತೆಯ ಅಭಿಪ್ರಾಯವನ್ನು ನಾನು ಕೇಳಿಲ್ಲ. ಬೆಳಿಗ್ಗೆ ನೀರುದೋಸೆ ಮಾಡಿಕೊಟ್ಟು ಜಗಲಿಯಲ್ಲಿ ಕುಳಿತಿದ್ದಾರೆ.

ಹೊತ್ತು ಹೊತ್ತಿಗೆ ಊಟ ಮಾಡಿ, ಕಾಲಿಗೆ ಬಿಸಿನೀರು ಹಾಕಿಕೊಳ್ಳಿ. ಅಕ್ಷಯಾ ನಿಮಗೆ ಮುತ್ತು ಕೊಟ್ಟಿದ್ದಾಳೆ. ನಿಮ್ಮ ಅಮ್ಮನ ಆಶೀರ್ವಾದ ಯಾವಾಗಲೂ ಇದ್ದೇ ಇದೆ.

ನಿಮ್ಮ,
ಸುಗುಣಾ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಕವರ್ ಅಂಟಿಸುವಷ್ಟರಲ್ಲಿ ಚೆನ್ನಯ್ಯ ಬಂದ, ಒಂದು ಗಂಟೆ ಮೊದಲೇ. ಪೆಡಲು ಒತ್ತಿ ನೋಡಿ, ಬ್ರೇಕ್ ಹೋಯ್ದ್ ಅಂದಿದ್ನಲೆ ವೆಂಕಟ ಎಂದು ನಿಮ್ಮ ಹೆಸರೆತ್ತಿ ಆಶ್ಚರ್ಯಪಟ್ಟ, ಈಗಲೇ ತಕಂಡ್ ಹೋತೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಜಗಲಿಯಿಂದ, “ಹ್ವಾಯ್ ಚೆನ್ನಯ್ಯ, ಕಾಪಿ ಕುಡ್ಕಂಡ್ ಹೋಯ್ನಿ. ಗಾಡಿ ಕೊಡುದಿಲ್ಲ” ಎಂದರು. ನಿಮ್ಮ ಮಗ ಮಾತು ಕೊಟ್ಟಿದ್ದಾನೆ ಎಂದು ಅವನು ನೆನಪಿಸಿದ. “ಮಾತ್ ಕೊಟ್ಟದ್ ಅವ್ನ್, ಕಾಲ್ ಕೊಟ್ಟದ್ ನಾನ್” ಎಂದರು. ಅವನು ನಕ್ಕು, ಕಾಫಿ ಕುಡಿದು ಹೋದ. ಆರ್‌ಸಿ ಬುಕ್ಕನ್ನು ಅತ್ತೆ ತಮ್ಮ ಸೀರೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಹಾರ್ನ್ ಹಾಕುವುದಿದ್ದರೆ ಅವರಿಗೇ ಫೋನ್ ಮಾಡಿ. ನಾಳೆ ಬೆಳಿಗ್ಗೆ ಆರಕ್ಕೆ ನಾನು ಕೋಟದ ದಾರಿಯಲ್ಲಿರುತ್ತೇನೆ.