ಗೂಡು ಕಟ್ಟದ ಇಲಿ

ಪ್ರೀತಿಯ ಅಕ್ಕನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಕಾಯಿಲೆ ನಿನಗೂ ಇಳಿದಿದೆಯೇ ಎಂದು ಪರೀಕ್ಷೆ ಮಾಡಿಸಿಕೋ ಅಂತ ಇನ್ನು ನಿನ್ನ ಜೀವ ತಿನ್ನುವುದಿಲ್ಲ.

ನಮ್ಮ ಪ್ರಯೋಗಾಲಯಕ್ಕೆ ಹೊಸ ಇಲಿಗಳು ಬಂದಿವೆ. ಔಷಧಿ ಹುಡುಕಲೆಂದು ಅದೇ ಕಾಯಿಲೆ ತರುವ ಜೀನನ್ನು ಅವುಗಳ ಮೈಗೆ ಸೇರಿಸಿದ್ದಾರೆ. ನೋಡಿಕೊಳ್ಳುವವಳು ನಾನು, ದಿನವಿಡೀ ನನ್ನ ಮಾತಿಗೆ ಕಿವಿ ನಿಮಿರಿಸುವವೂ ಅವೇ. ಸಂಜೆ ಪ್ರತಿ ಪಂಜರಕ್ಕೂ ಹತ್ತಿ ಹಾಕುತ್ತೇನೆ. ಗಟ್ಟಿಯಾಗಿರುವ ಇಲಿ ಬೆಳಗಾಗುವಷ್ಟರಲ್ಲಿ ದುಂಡಗೆ ಗೂಡು ಕಟ್ಟಿಕೊಂಡಿರುತ್ತದೆ. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಪ್ರತಿ ಗೂಡಿಗೂ ಅಂಕ ಕೊಡುತ್ತೇನೆ. ನಿನ್ನೆ ಒಂದು ಇಲಿ ಹತ್ತಿಯ ಪಕ್ಕದಲ್ಲೇ ಬರಿ ನೆಲದ ಮೇಲೆ ಮುದುಡಿ ಮಲಗಿತ್ತು.

"ಪಾಪ, ಇದಕ್ಕೂ ಶುರುವಾಯ್ತು ನೋಡಿ," ಎಂದರು ಡಾಕ್ಟರಮ್ಮ. ಅಪ್ಪನ ವಿಷಯ ಅವರಿಗೆ ಗೊತ್ತಿಲ್ಲ. "ಹೌದು ಮೇಡಂ," ಎಂದು ಗೂಡಿಗೆ ಸೊನ್ನೆ ಅಂಕ ಕೊಟ್ಟೆ. ಅವರು ಹೋದ ಮೇಲೆ ಇಲಿಯನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡೆ. ಕೊನೆಕೊನೆಗೆ ಅಪ್ಪನಿಗೆ ಹೊದಿಕೆ ಎಳೆದುಕೊಳ್ಳಲೂ ಆಗುತ್ತಿರಲಿಲ್ಲವಲ್ಲ.

ನಾನು ಪರೀಕ್ಷೆ ಮಾಡಿಸಿಕೊಂಡೆ. ಏನು ಬಂತು ಎಂದು ಕೇಳಬೇಡ. ರಜೆ ಸಿಕ್ಕಾಗ ಬಂದು ನಾಲ್ಕು ದಿನ ಇರು. ಕಾಯಿಲೆಯ ಮಾತೇ ಎತ್ತುವುದಿಲ್ಲ. ಬರುವಾಗ ಗುಂಡಿಗಳಿಲ್ಲದ ನಿನ್ನ ಸಡಿಲ ಅಂಗಿ ಎರಡು ತಾ. ಈಚೆಗೆ ಗುಂಡಿ ಹಾಕಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯುತ್ತದೆ.

ನಿನ್ನ ದಾರಿ ಕಾಯುವ
ತಂಗಿ