ಜಡೆಯಪ್ಪನ ಮೈಮೇಲಿನ ಬಿಳುಪು

ಅರಕಲಗೂಡು
೧೮-೪-೧೯೬೧

ಹಾಸನದಲ್ಲಿರುವ ನನ್ನ ಯಜಮಾನರಿಗೆ, ಗಂಗಾಂಬಿಕೆಯ ನಮಸ್ಕಾರ.

ಹದಿನಾಲ್ಕು ತಿಂಗಳ ಮೇಲೆ ನಿಮ್ಮ ಕೈಬರಹ ನೋಡಿದೆ. ಪೋಸ್ಟ್‌ಮನ್ ಬೋರಪ್ಪ ಕವರು ಕೊಟ್ಟ ಕೂಡಲೇ ಅಡುಗೆಮನೆಗೆ ಓಡಿಹೋಗಿ ಒಡೆದೆ. ಮನೆಗೆ ವಾಪಸು ಕರೆಯಲು ಬರೆದಿದ್ದೀರಿ ಅಂತ ಹುಚ್ಚು ಮನಸ್ಸು. ನೋಡಿದರೆ ಎರಡು ಪುಟವೂ ನೀರಿನ ತೊಟ್ಟಿಯಲ್ಲಿರುವ ಜಡೆಯಪ್ಪನ ವಿಷಯ! ಮೈಮೇಲೆ ಬಿಳುಪು ಬಂದಿದೆಯಂತೆ, ಎರೆಹುಳ ಮುಟ್ಟುತ್ತಿಲ್ಲವಂತೆ, ಹಿಂದೆ ನಾನು ಏನು ಮಾಡುತ್ತಿದ್ದೆ ತಿಳಿಸಬೇಕಂತೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವರು ಮಿಡ್ಲ್ ಸ್ಕೂಲು ಓದಿದವಳನ್ನು ಕೇಳುತ್ತೀರಲ್ಲ! ಸಿಟ್ಟಿಗೆ ಎರಡು ದಿನ ಉತ್ತರ ಬರೆಯಲಿಲ್ಲ. ಆಮೇಲೆ, ಆ ಮೂಕಪ್ರಾಣಿ ಏನು ಪಾಪ ಮಾಡಿತ್ತು ಅನ್ನಿಸಿತು.

ಮೊದಲು ಕಿವಿರು ನೋಡಿ. ತಲೆಯ ಎರಡೂ ಕಡೆ ಜಡೆಯ ಹಾಗಿರುವ ಕೆಂಪು ಕುಚ್ಚುಗಳ ಮೇಲೆ ಅರಳೆ ಅಂಟಿದ ಹಾಗಿದ್ದರೆ ಅದು ಬೂಷ್ಟು. ಬೇಸಗೆಯಲ್ಲಿ ನೀರು ಬೆಚ್ಚಗಾದರೆ ಬರುತ್ತದೆ. ಅರಳೆಯಿಲ್ಲದೆ ಮೈಬಣ್ಣ ಮಾತ್ರ ಮಾಸಿದ್ದರೆ, ನೀವು ನಲ್ಲಿ ನೀರು ಹಾಕಿದ್ದೀರಿ. ಔಷಧಿ ಬೆರೆಸಿದ ನೀರು ಅದಕ್ಕಾಗದು. ಬಾವಿ ನೀರು ಸೇದಿ, ಮಡಕೆಯಲ್ಲಿಟ್ಟು ತಣ್ಣಗಾದ ಮೇಲೆ ಹಾಕಿ. ಬೂಷ್ಟಾದರೆ ಸೇರು ನೀರಿಗೆ ಎರಡು ಚಮಚ ಉಪ್ಪು ಕರಗಿಸಿ, ಅಗಲವಾದ ಬೋಗುಣಿಯಲ್ಲಿ ಹತ್ತೇ ನಿಮಿಷ ಬಿಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬಟ್ಟೆಯಿಂದ ಉಜ್ಜಬೇಡಿ. ಸೋಪಿನ ಕೈ ತಾಗಿಸಬೇಡಿ.

ಅತ್ತೆಯವರು "ಅಮ್ಮ ಬಂದವ್ಳೆ ಕಣೋ ಮಗ" ಅಂತ ನೀರಿಗೆ ಅರಿಸಿನ ಕದಡಿ, ತೊಟ್ಟಿಗೆ ಬೇವಿನ ಸೊಪ್ಪು ಕಟ್ಟಿದ್ದಾರಂತೆ. ನಕ್ಕುಬಿಟ್ಟೆ. ಕಾಲೇಜಿನ ಹುಡುಗರಿಗೆ ಕೊಯ್ದು ತೋರಿಸಲು ತರಿಸಿದ್ದ ಪ್ರಾಣಿಯನ್ನು, ಮನಸ್ಸು ಬಾರದೆ, ನೀವು ಮನೆಗೆ ತಂದಿರಿ. ಕಾಲುಳ್ಳ ಮೀನಿನ ಹಾಗಿದ್ದ ಅದನ್ನು ಆಕ್ಸೊಲಾಟಲ್ ಅನ್ನಲು ನನ್ನ ನಾಲಗೆ ಹೊರಳದೆ ಜಡೆಯಪ್ಪ ಅಂದೆ. ಅವತ್ತು ಹಲ್ಲಿ ಅಂತ ಹೇಸಿ "ಈ ಅಲ್ಲಿ ಇರೋ ಮನೇಲಿ ನಾನು ನೀರೂ ಕುಡಿಯಾಕಿಲ್ಲ" ಅಂದವರು ಅತ್ತೆಯವರೇ. ಈಗ ಅದಕ್ಕೆ ಅಮ್ಮ ಬಂದಿದೆ ಅಂತ ಮೂರು ದಿನದಿಂದ ಸಾರಿಗೆ ಒಗ್ಗರಣೆಯನ್ನೇ ಹಾಕಿಲ್ಲವಲ್ಲ! ಬೇಸರವಾಗದ ಹಾಗೆ ಹೇಳಿ ಆ ನೀರು ಚೆಲ್ಲಿಸಿ. ಅರಿಸಿನ ಅದರ ಚರ್ಮಕ್ಕೆ ಉರಿ.

ನಗುತ್ತಲೇ ಅಳು ಬಂತು ನೋಡಿ. ನನ್ನ ಮೊಣಕೈ ಮೇಲೆ ಹುಣಸೆಬೀಜದಷ್ಟು ಬಿಳಿ ಮಚ್ಚೆ ಕಂಡಾಗ ಅದೇ ಅತ್ತೆಯವರು "ತೊನ್ನು ಕಣವ್ವ, ತವರಿಗೆ ಓಗು" ಅಂದರು. ಅವತ್ತು ಯಾರೂ ಬೇವು ಕಟ್ಟಲಿಲ್ಲ. ನೀವೇ ನನ್ನ ಟ್ರಂಕು ಬಸ್ಸಿನ ಮೇಲೆ ಹಾಕಿಸಿದಿರಿ. ಬಸ್ಸು ತಿರುಗುವವರೆಗೂ ನಿಂತೇ ಇದ್ದಿರಿ. ಆ ನಿಂತದ್ದನ್ನೇ ನೆಚ್ಚಿಕೊಂಡು ದಿನ ದೂಡಿದ್ದೇನೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ನೀವಿಲ್ಲದೆ ನನಗೆ ಆಗುತ್ತಿಲ್ಲ. ಹಾಸನದ ಬಸ್ಸು ಬರುವ ಹೊತ್ತಿಗೆ ಏನಾದರೂ ನೆಪ ತೆಗೆದು ಬಾಗಿಲಿಗೆ ಬರುತ್ತೇನೆ. ಅವ್ವ ನೋಡಿಯೂ ನೋಡದ ಹಾಗಿರುತ್ತಾಳೆ.

ಮಚ್ಚೆ ಹೇಗಿದೆ ಅಂತ ನೀವು ಕೇಳಿಲ್ಲ. ನಾನೂ ಬರೆಯುವುದಿಲ್ಲ.

ಇನ್ನೂ ನಿಮ್ಮವಳೇ ಆಗಿರುವ,
ಗಂಗಾಂಬಿಕೆ

ಇನ್ನೊಂದು ಮಾತು: ಜಡೆಯಪ್ಪನನ್ನು ದಿನಾ ಬರಿಗೈಯಲ್ಲಿ ಎತ್ತಿ ನೋಡುತ್ತೇನೆ ಅಂತ ಬರೆದಿದ್ದೀರಿ. ಆ ಬಿಳುಪು ನಿಮಗೆ ಅಂಟುತ್ತದೆಯೇ ಅಂತ ಎರಡು ಪುಟದಲ್ಲಿ ಒಂದು ಕಡೆಯೂ ಕೇಳಿಲ್ಲ. ನನ್ನದು ಅಂಟುವ ರೋಗವಲ್ಲ ಅಂತ ಮೈಸೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಹೋದ ವರ್ಷದ ಯುಗಾದಿಯಿಂದ ನನ್ನ ಹತ್ತಿರವಿದೆ. ನಿಮಗೆ ಕಳಿಸು ಅಂತ ಅಪ್ಪ ದಿನಾ ಹೇಳುತ್ತಾರೆ. ಚೀಟಿ ಓದಿ ಮುಟ್ಟುವ ಕೈ ನನಗೆ ಬೇಡ. ಇದರ ಜೊತೆಗೂ ಇಟ್ಟಿಲ್ಲ.