ನನ್ನದೇ ಅಕ್ಷರ

ಫೆ. 4, 2024, ಭಾನುವಾರ. ಬೆಳಿಗ್ಗೆ 7

ಕೊಟ್ಟಿಗೆ ಕೆಲಸ ಮುಗಿಯಿತು. ಎಮ್ಮೆಗಳು ಐದೋ ಆರೋ... ಎರಡು ಸಲ ಎಣಿಸಿದೆ, ಎರಡು ಲೆಕ್ಕ ಬಂತು. ನಿದ್ದೆ ಮಾತ್ರೆ ಬಿಟ್ಟು ಇಪ್ಪತ್ತಾರು ದಿನ. ಮರೆವು ನಿಧಾನಕ್ಕೆ ಹೋಗುತ್ತದೆ ಅನ್ನುತ್ತಾರೆ ಕೌನ್ಸೆಲರ್ ಶೋಭಾ. ಇವತ್ತು ವ್ಯಸನಮುಕ್ತಿ ಕೇಂದ್ರದಲ್ಲಿ ವಿಸಿಟಿಂಗ್, ಮನೆಯವರು ಬರುವ ದಿನ.

ಮಧ್ಯಾಹ್ನ 3

ಇವರು ಬಂದಿದ್ದರು. ಸನತ್‌ನಗರದಿಂದ ಇಲ್ಲಿಗೆ, ಶಂಕರಪಲ್ಲಿ ದಾಟಿ, ಮೂರು ಬಸ್ಸು. ಡಬ್ಬಿಯಲ್ಲಿ ರೊಟ್ಟಿ, ಪುಂಡಿ ಪಲ್ಯ. ನಾನು ಮುಟ್ಟಲಿಲ್ಲ.

"ಗುಳಿಗಿ ನುಂಗಿದ್ದಕ್ಕ ಕಟಗೊಂಡ ಹೆಂಡತೀನ ಎಮ್ಮಿ ನಡುವ ತಂದು ಒಗದೀರಿ. ಇನ್ನ ಬರಬ್ಯಾಡ್ರಿ" ಅಂದೆ.

"ಆತು ಬಿಡು, ಸಂಯುಕ್ತಾ." ಡಬ್ಬಿ ಇಟ್ಟು ಹೋದರು. ಜಗಳವಾಡಲಿಲ್ಲ. ಯಾಕೆ? ತಪ್ಪು ಒಪ್ಪಿಕೊಂಡರಾ?

ಫೆ. 11, ಭಾನು

ಬರಲಿಲ್ಲ. ಬೇಡ ಅಂದವಳು ನಾನೇ. ಆದರೂ ಗೇಟು ಕಾಣುವ ಮಡಿಯಲ್ಲೇ ಪಾಲಕ್ ಕೊಯ್ದೆ.

ಫೆ. 18

ಇಲ್ಲ.

ಫೆ. 20, ಮಂಗಳ

ಆಫೀಸಿಗೆ ಹೋದೆ. ಬೀದರಿಗೆ, ಅಣ್ಣನ ಮನೆಗೆ ಕಳಿಸಿ ಅಂದೆ. "ನನ್ನ ಕೇಳಲಾರದ ಇಲ್ಲಿ ಸೇರಿಸ್ಯಾರ್ರಿ."

ಶೋಭಾ ಫೈಲ್ ತೆಗೆದು ಮುಂದಿಟ್ಟರು. "ಈ ಅಕ್ಷರ ಯಾರದ್ರಿ?"

ನನ್ನದು. 'ಗುಳಿಗೆ ಬಿಡಲು ನನ್ನಿಂದ ಆಗುತ್ತಿಲ್ಲ. ಮನೆಯವರು ಬೇಡ ಅನ್ನುತ್ತಿದ್ದಾರೆ. ಆದರೂ ನನ್ನನ್ನು ಇಟ್ಟುಕೊಳ್ಳಿ.' ಕೆಳಗೆ ಸಹಿ. ಜನವರಿ 9.

"ಹನುಮಂತರಾಯರು ಈ ಕುರ್ಚಿ ಮ್ಯಾಲೇ ಕುಂತು ಅತ್ತರು. ನೀವೇ ನಿಮ್ಮ ಯಜಮಾನ್ರನ್ನ ಸಮಾಧಾನ ಮಾಡಿ ಕಳಿಸಿದ್ರಿ."

ನೆನಪಿಲ್ಲ. ಒಂದಿಷ್ಟೂ. ಇವರು ರಟ್ಟೆ ಹಿಡಿದು ಎಳೆಯುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಹಾಗಾದರೆ ಅದು? ಯಾವುದು ಸುಳ್ಳು — ಕಾಗದವೋ, ನಾನೋ?

ಫೆ. 21

ಫೋನ್ ಮಾಡಿದೆ. ಫ್ಯಾಕ್ಟರಿ ಊಟದ ಹೊತ್ತು, ಹಿಂದೆ ಗದ್ದಲ.

"ನಾನೇ ಬರಕೊಟ್ಟೀನಂತ ಅವತ್ತ ಯಾಕ ಹೇಳಲಿಲ್ಲ?"

"ವಾದ ಮಾಡಬ್ಯಾಡ್ರಿ ಅಂದಿದ್ರು ಡಾಕ್ಟ್ರು. ಮತ್ತ, ಸಿಟ್ಟು ನನ್ನ ಮ್ಯಾಲ ಇದ್ರ ಇರಲಿ ಅಂದೆ. ನಿನ್ನ ಮ್ಯಾಲ ನೀನ ಸಿಟ್ಟಾದ್ರ ಮತ್ತ ಗುಳಿಗಿ ಹುಡುಕತಿದ್ದಿ."

"ಊಟ ಮಾಡ್ರಿ" ಅಂದು ಇಟ್ಟೆ. ಇಷ್ಟು ದಿನ ಇವರನ್ನು ಬೈದುಕೊಂಡದ್ದನ್ನೆಲ್ಲ ಈಗ ಎಲ್ಲಿ ಇಡುವುದು?

ಫೆ. 25, ಭಾನು. ಸಂಜೆ

ಬಂದರು. ಬೇವಿನ ಮರದ ಕೆಳಗೆ ಕೂತೆವು. ತೆಳ್ಳಗಾಗಿದ್ದಾರೆ.

"ಗೇಟಿನ ಹತ್ರ ರಟ್ಟಿ ಹಿಡದು ಎಳದ್ರಿ. ಹೌದಿಲ್ಲೋ?"

"ಹೌದು. ಮನಿ ಕಡೆ ಎಳದೆ. ನೀ ಬರಲಿಲ್ಲ."

ನಗು ಬಂತೋ ಅಳು ಬಂತೋ. ಆ ಮುಂಜಾನೆಯದನ್ನು ಪೂರ್ತಿ ಹೇಳಿ ಅಂದೆ. ಹೇಳಿದರು, ಒಂದೊಂದಾಗಿ. ಕೇಳುತ್ತ ಬೇರೆ ಯಾರೋ ಹೆಂಗಸಿನ ಸುದ್ದಿ ಅನ್ನಿಸಿತು. ಗಟ್ಟಿ ಹೆಂಗಸು. ನಾನಾ?

ಮತ್ತೆ ಮರೆಯುವ ಮೊದಲು ಬರೆದಿಡಬೇಕು. ಜನವರಿ 9. ಆರು ಗಂಟೆಗೇ ಎದ್ದೆನಂತೆ. ಇವರನ್ನು ಎಬ್ಬಿಸಿ, ಹಾಸಿಗೆಯ ತುದಿಗೆ ಕೂತು, ನಾನೇ ಅಂದೆನಂತೆ: "ಗುಳಿಗಿ ಬಿಡಾಕ ನನ್ನಿಂದ ಆಗವಲ್ದು. ನನ್ನ ಕೇಂದ್ರಕ್ಕ ಕರಕೊಂಡು ಹೋಗ್ರಿ."